ಊರುಕಟ್ಟಣೆ ಮತ್ತು ಬಿಡುವಿನ ಆಟ: ಹಡಗಲಿ–ಹರಪನಹಳ್ಳಿ ಸೀಮೆಯ ಊರುಗಳನ್ನು ಕುರಿತು

೧. ಪ್ರವೇಶ

ಬಿಡುವಿನ ವೇಳೆಯಲ್ಲಿ ಜನರು ಎಷ್ಟು ನಡೆಯುತ್ತಾರೆ, ಏನನ್ನು ಆಡುತ್ತಾರೆ, ಎಲ್ಲಿ ಸೇರುತ್ತಾರೆ ಎಂಬುದು ಅವರವರ ಇಚ್ಛೆಗೆ ಬಿಟ್ಟ ಸಂಗತಿ ಎಂದೇ ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ಬೀದಿಯ ಅಗಲ, ಮನೆಯ ಮುಂದಿನ ಕಟ್ಟೆ, ಊರ ಮುಂದಿನ ಬಯಲು, ಮರದ ನೆರಳು, ನೀರಿನ ದಾರಿ ಇವೆಲ್ಲವೂ ಆ ಇಚ್ಛೆಗೆ ಅವಕಾಶವನ್ನು ಒದಗಿಸುತ್ತವೆ, ಇಲ್ಲವೇ ನಿರಾಕರಿಸುತ್ತವೆ. ಸಾರ್ವಜನಿಕ ಆರೋಗ್ಯ ಮತ್ತು ನಗರಯೋಜನೆಯ ವಿದ್ವಾಂಸರು ಇವನ್ನು ಒಟ್ಟಾಗಿ ‘ನಿರ್ಮಿತ ಪರಿಸರ’ವೆಂದು ಕರೆದು, ಅದಕ್ಕೂ ಜನರ ದೈಹಿಕ ಚಟುವಟಿಕೆಗೂ ಇರುವ ಸಂಬಂಧವನ್ನು ಕಳೆದ ಕೆಲವು ದಶಕಗಳಿಂದ ವ್ಯಾಪಕವಾಗಿ ಅಧ್ಯಯನ ಮಾಡುತ್ತ ಬಂದಿದ್ದಾರೆ. ಕನ್ನಡ ಜಾನಪದ ಅಧ್ಯಯನವು ಆಟಗಳನ್ನು ಸಂಗ್ರಹಿಸಿದೆ, ವರ್ಗೀಕರಿಸಿದೆ, ಅವುಗಳ ನಿಯಮಗಳನ್ನೂ ಹಾಡುಗಳನ್ನೂ ದಾಖಲಿಸಿದೆ. ಆದರೆ ಆಟ ನಡೆಯುವ ಜಾಗವನ್ನು ಆಟದಷ್ಟೇ ಗಂಭೀರವಾಗಿ ಗಮನಿಸಿದ್ದು ಕಡಿಮೆ.

ಪ್ರಸ್ತುತ ಲೇಖನದಲ್ಲಿ ತುಂಗಭದ್ರೆಯ ದಂಡೆಯ ಹಲವಾಗಲಿನಿಂದ ಮೊದಲುಗೊಂಡು ಹರಪನಹಳ್ಳಿ, ಹೂವಿನಹಡಗಲಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿಗಳವರೆಗಿನ ಸೀಮೆಯನ್ನು ಆಧಾರವಾಗಿಟ್ಟುಕೊಂಡು ಈ ಸಂಬಂಧವನ್ನು ಪರಿಶೀಲಿಸಲಾಗಿದೆ. ೧೯೫೩ರವರೆಗೆ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಈ ಭಾಗವು ಇಂದು, ೨೦೨೧ರಲ್ಲಿ ಅಸ್ತಿತ್ವಕ್ಕೆ ಬಂದ ವಿಜಯನಗರ ಜಿಲ್ಲೆಯಲ್ಲಿದೆ. ಇಲ್ಲಿಯ ತಾಲ್ಲೂಕು ಕೇಂದ್ರಗಳು ಪೂರ್ಣ ನಗರಗಳೂ ಅಲ್ಲ, ಹಳ್ಳಿಗಳೂ ಅಲ್ಲ. ಹಳ್ಳಿಯ ಕಟ್ಟಣೆಯ ಮೇಲೆ ಪಟ್ಟಣವು ಬೆಳೆಯುತ್ತಿರುವ ಊರುಗಳಿವು. ಆದ್ದರಿಂದ ಪಟ್ಟಣವಾಗುವ ಪ್ರಕ್ರಿಯೆಯಲ್ಲಿ ಬಿಡುವಿನ ಆಟಕ್ಕೆ ಏನಾಗುತ್ತದೆ ಎಂಬುದನ್ನು ಇಲ್ಲಿ ಕಣ್ಣೆದುರಿಗೇ ನೋಡಬಹುದಾಗಿದೆ.

ಈ ಲೇಖನದ ಮುಖ್ಯ ಪ್ರತಿಪಾದನೆ ಇಷ್ಟು: ಈ ಸೀಮೆಯಲ್ಲಿ ಆಟದ ಜಾಗಗಳು ಉಳಿದುಬಂದದ್ದು ಆಟಕ್ಕೆಂದು ಮೀಸಲಾಗಿದ್ದುದರಿಂದಲ್ಲ, ವರ್ಷಕ್ಕೊಮ್ಮೆಯೋ ಸುಗ್ಗಿಗೊಮ್ಮೆಯೋ ಬರುವ ಇನ್ನೊಂದು ಕೆಲಸಕ್ಕಾಗಿ ಊರು ಅವನ್ನು ತೆರವಾಗಿ ಇಟ್ಟುಕೊಂಡಿದ್ದುದರಿಂದ. ಆ ಮೊದಲ ಕೆಲಸ ನಿಂತುಹೋದಾಗ ಅದರ ನೆರಳಿನಲ್ಲಿ ಬದುಕಿದ್ದ ಆಟವೂ ನೆಲೆ ತಪ್ಪುತ್ತದೆ.

೨. ಅಳತೆಯ ಅಧ್ಯಯನಗಳು ಮತ್ತು ಅವುಗಳ ಮಿತಿ

ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ವಯಸ್ಕರಿಗೆ ವಾರದಲ್ಲಿ ೧೫೦ರಿಂದ ೩೦೦ ನಿಮಿಷಗಳ ಮಧ್ಯಮ ಪ್ರಮಾಣದ ಚಟುವಟಿಕೆಯೂ, ಮಕ್ಕಳಿಗೆ ದಿನಕ್ಕೆ ಸರಾಸರಿ ೬೦ ನಿಮಿಷಗಳ ಚಟುವಟಿಕೆಯೂ ಅಗತ್ಯ. ೨೦೨೪ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವು ೨೦೨೨ರಲ್ಲಿ ಲೋಕದ ವಯಸ್ಕರಲ್ಲಿ ಶೇಕಡಾ ೩೧ರಷ್ಟು ಜನ ಈ ಮಟ್ಟವನ್ನು ಮುಟ್ಟಿರಲಿಲ್ಲವೆಂದು ಅಂದಾಜು ಮಾಡಿತು. ಭಾರತದಲ್ಲಿ ಈ ಪ್ರಮಾಣ ಸರಿಸುಮಾರು ಅರ್ಧದಷ್ಟು. ಮಹಿಳೆಯರಲ್ಲಿ ಶೇಕಡಾ ೫೭, ಪುರುಷರಲ್ಲಿ ಶೇಕಡಾ ೪೨. ಇದಕ್ಕೂ ಮೊದಲು, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ತಮಿಳುನಾಡು, ಮಹಾರಾಷ್ಟ್ರ, ಜಾರ್ಖಂಡ್ ಮತ್ತು ಚಂಡೀಗಢಗಳಲ್ಲಿ ನಡೆದು ೨೦೧೪ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಿಡುವಿನ ವೇಳೆಯ ದೈಹಿಕ ಚಟುವಟಿಕೆಯಲ್ಲಿ ತೊಡಗುವವರು ಶೇಕಡಾ ೧೦ಕ್ಕಿಂತ ಕಡಿಮೆ ಎಂದು ಕಂಡುಬಂದಿತ್ತು.

ಊರಿನ ರಚನೆಗೂ ಈ ಅಂಕಿಗಳಿಗೂ ಇರುವ ಸಂಬಂಧವನ್ನು ತೋರಿಸಿದ ಅಧ್ಯಯನಗಳಲ್ಲಿ ೨೦೧೬ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾದುದು ಮುಖ್ಯವಾದುದು. ಹತ್ತು ದೇಶಗಳ ೧೪ ನಗರಗಳನ್ನು ಹೋಲಿಸಿದ ಆ ಅಧ್ಯಯನದ ಪ್ರಕಾರ, ವಸತಿಯ ಸಾಂದ್ರತೆ, ಸಾರ್ವಜನಿಕ ಸಾರಿಗೆ ಮತ್ತು ನಡೆದು ಮುಟ್ಟಬಹುದಾದ ಉದ್ಯಾನಗಳು ಅನುಕೂಲವಾಗಿರುವ ಬಡಾವಣೆಯವರು, ಅವು ತೀರ ಅನನುಕೂಲವಾಗಿರುವ ಬಡಾವಣೆಯವರಿಗಿಂತ ವಾರಕ್ಕೆ ೬೮ರಿಂದ ೮೯ ನಿಮಿಷ ಹೆಚ್ಚು ಚಟುವಟಿಕೆಯಿಂದಿರುತ್ತಾರೆ. ಆ ೧೪ ನಗರಗಳಲ್ಲಿ ಭಾರತದ ನಗರ ಒಂದೂ ಇರಲಿಲ್ಲ. ನಮ್ಮ ನೆರೆಯ ಚೆನ್ನೈ ನಗರದ ಒಂದು ಮಧ್ಯಮವರ್ಗದ ಬಡಾವಣೆಯ ನಿದರ್ಶನವನ್ನು ಇಲ್ಲಿ ಸೇರಿಸಬಹುದು. ಅಲ್ಲಿಯ ನಿವಾಸಿಗಳು ಆರೋಗ್ಯ ತಿಳಿವಳಿಕೆಯ ಕಾರ್ಯಕ್ರಮದಿಂದ ಪ್ರೇರಿತರಾಗಿ ತಾವೇ ಹಣ ಕೂಡಿಸಿ ಉದ್ಯಾನವನ್ನು ನಿರ್ಮಿಸಿಕೊಂಡರು. ಸುಮಾರು ಒಂದು ದಶಕದ ಅಂತರದಲ್ಲಿ, ವಾರದಲ್ಲಿ ಮೂರು ದಿನಕ್ಕಿಂತ ಹೆಚ್ಚು ವ್ಯಾಯಾಮ ಮಾಡುವವರ ಪ್ರಮಾಣ ಶೇಕಡಾ ೧೪ರಿಂದ ಶೇಕಡಾ ೫೮ಕ್ಕೆ ಏರಿದುದನ್ನು ೨೦೦೬ರಲ್ಲಿ ಪ್ರಕಟವಾದ ವರದಿ ದಾಖಲಿಸಿದೆ. ಉದ್ಯಾನ ಇದ್ದುದರಷ್ಟೇ ಅದನ್ನು ‘ನಮ್ಮದು’ ಎಂದು ಜನ ಭಾವಿಸಿದುದೂ ಇಲ್ಲಿ ಕೆಲಸ ಮಾಡಿದೆ ಎಂದು ತಿಳಿಯಬೇಕು.

ಈ ಅಧ್ಯಯನಗಳ ಮಹತ್ವವನ್ನು ಒಪ್ಪಿಕೊಂಡೂ ಅವುಗಳ ಎರಡು ಮಿತಿಗಳನ್ನು ಗಮನಿಸಬೇಕಾಗುತ್ತದೆ. ಮೊದಲನೆಯದಾಗಿ, ಅವು ಬಿಡುವನ್ನು ಗಡಿಯಾರದ ಅವಧಿಯಾಗಿ ಎಣಿಸುತ್ತವೆ. ಕನ್ನಡದ ‘ಬಿಡುವು’ ಎಂಬ ಮಾತು ‘ಬಿಡು’ ಎಂಬ ಧಾತುವಿನಿಂದ ಬಂದುದು. ಕೆಲಸವು ಮನುಷ್ಯನನ್ನು ಬಿಟ್ಟಾಗ ದೊರೆಯುವ ಕಾಲವದು. ಒಕ್ಕಲುತನದ ಬದುಕಿನಲ್ಲಿ ಅದು ದಿನದ ಲೆಕ್ಕಕ್ಕಿಂತ ಋತುವಿನ ಲೆಕ್ಕದಲ್ಲಿ ಬರುತ್ತದೆ: ಎತ್ತಿಗೆ ನೊಗ ಹೂಡದ ಸೋಮವಾರ, ಅಮಾವಾಸ್ಯೆ, ಸುಗ್ಗಿಯ ನಂತರದ ದಿನಗಳು, ಹಬ್ಬ, ಜಾತ್ರೆ. ಎರಡನೆಯದಾಗಿ, ಅವು ಹುಡುಕುವುದು ಉದ್ಯಾನ, ಕ್ರೀಡಾಂಗಣ, ಪಾದಚಾರಿ ಮಾರ್ಗಗಳಂಥ ಒಂದೇ ಉದ್ದೇಶದ ಜಾಗಗಳನ್ನು. ಆ ಪಟ್ಟಿಯನ್ನು ಹಿಡಿದು ಈ ಸೀಮೆಯ ಊರುಗಳಿಗೆ ಬಂದರೆ ಹೆಚ್ಚಿನ ಕಡೆ ‘ಇಲ್ಲ’ ಎಂದೇ ಬರೆದುಕೊಳ್ಳಬೇಕಾಗುತ್ತದೆ. ಆದರೆ ಇಲ್ಲಿ ಜನ ಆಡುತ್ತಲೇ ಬಂದಿದ್ದಾರೆ.

೩. ಎರಡು ಕೆಲಸದ ಜಾಗಗಳು

ಹಾಗಾದರೆ ಅವರು ಆಡಿದ್ದು ಎಲ್ಲಿ? ಈ ಸೀಮೆಯ ಹಳೆಯ ಊರುಗಳ ಕಟ್ಟಣೆಯಲ್ಲಿ ಸಾಮಾನ್ಯವಾಗಿ ಕಾಣುವ ಅಂಗಗಳೆಂದರೆ ಅಗಸೆ, ಅಗಸೆಯ ಮುಂದಿನ ಬಯಲು, ತೇರುಬೀದಿ, ಅದರ ಕೊನೆಯ ಪಾದಗಟ್ಟೆ, ಗುಡಿಯ ಪೌಳಿ, ಕೇರಿಗಳ ಓಣಿಗಳು, ಊರಂಚಿನ ಕಣಗಳು, ಕೆರೆ ಅಥವಾ ಹೊಳೆ. ಇವುಗಳಲ್ಲಿ ಯಾವುದೂ ಆಟದ ಮೈದಾನವಲ್ಲ. ಎಲ್ಲವೂ ಆಟದ ಮೈದಾನಗಳೇ.

ತೇರುಬೀದಿಯನ್ನು ಮೊದಲು ನೋಡಬಹುದು. ಕೊಟ್ಟೂರಿನ ಗುರುಬಸವೇಶ್ವರನ ರಥೋತ್ಸವವು ಈ ಸೀಮೆಯ ದೊಡ್ಡ ಜಾತ್ರೆಗಳಲ್ಲಿ ಒಂದು. ಸಣ್ಣ ಊರುಗಳಲ್ಲಿಯೂ ತಮ್ಮ ತಮ್ಮ ದೇವರ ತೇರುಗಳಿವೆ. ತೇರು ಸಾಗಬೇಕಾದರೆ ಗಾಲಿಗೆ ಹಾದಿ ಬೇಕು, ಮಿಣಿ ಹಿಡಿದು ಎಳೆಯುವವರಿಗೆ ಜಾಗ ಬೇಕು, ಎರಡೂ ಬದಿಗೆ ಜನ ನಿಲ್ಲಬೇಕು. ಹೀಗಾಗಿ ಆ ಬೀದಿಯ ಮೇಲೆ ಮನೆಯ ಕಟ್ಟೆಯನ್ನು ಮುಂದಕ್ಕೆ ಚಾಚುವುದಕ್ಕೆ ಊರು ಸುಲಭವಾಗಿ ಒಪ್ಪುವುದಿಲ್ಲ. ವರ್ಷದ ಒಂದು ದಿನಕ್ಕಾಗಿ ಅಗಲವಾಗಿ ಉಳಿದ ಈ ಬೀದಿ ಉಳಿದ ದಿನಗಳಲ್ಲಿ ಚಿಣ್ಣಿಕೋಲು, ಬುಗುರಿ, ಲಗೋರಿಗಳ ಬೀದಿಯಾಗುತ್ತದೆ, ಸಂಜೆ ಹಿರಿಯರು ನಡೆದಾಡುವ ಹಾದಿಯಾಗುತ್ತದೆ. ನಾಗರಪಂಚಮಿಯಲ್ಲಿ ನಿಂಬೆಹಣ್ಣನ್ನು ಇಷ್ಟು ಎಸೆತಕ್ಕೆ ಇಂಥ ಕಡೆ ಮುಟ್ಟಿಸುತ್ತೇನೆಂದು ಪಣ ಕಟ್ಟುವ ಯುವಕರಿಗೆ ಊರ ಬೀದಿಯೇ ಅಳತೆಗೋಲು.

ಅಗಸೆಯ ಮುಂದಿನ ಬಯಲಿಗೂ ಇದೇ ಮಾತು ಅನ್ವಯಿಸುತ್ತದೆ. ಕಾರಹುಣ್ಣಿಮೆಯಂದು ಶೃಂಗರಿಸಿದ ಎತ್ತುಗಳನ್ನು ಓಡಿಸಿ ಕರಿ ಹರಿಯುವ ಆಚರಣೆಗೆ ಓಟದ ಹಾದಿ ಬೇಕು. ಆದ್ದರಿಂದ ಅಲ್ಲಿ ಬಯಲಿದೆ. ಕಣದ ಸಂಗತಿ ಇನ್ನೂ ಸ್ಪಷ್ಟ. ಜೋಳ, ಸಜ್ಜೆ, ನವಣೆಗಳನ್ನು ಒಕ್ಕಲು ನೆಲವನ್ನು ಗಟ್ಟಿ ಮಾಡಿ, ಸೆಗಣಿ ಸಾರಿಸಿ ಸಿದ್ಧಪಡಿಸಿದ ಕಣವು ರಾಶಿ ಮನೆ ಸೇರಿದ ಮೇಲೆ ಬರಿದಾಗಿ ಉಳಿಯುತ್ತಿತ್ತು. ಹುತುತು ಆಡಲು, ಲಾಗ ಹಾಕಲು, ಬೆಳದಿಂಗಳಲ್ಲಿ ಕಣ್ಣಾಮುಚ್ಚಾಲೆ ಆಡಲು ಅದಕ್ಕಿಂತ ಒಳ್ಳೆಯ ನೆಲ ಊರಿನಲ್ಲಿ ಮತ್ತೊಂದಿರಲಿಲ್ಲ. ಬೇಸಗೆಯಲ್ಲಿ ಒಣಗಿದ ಕೆರೆಯಂಗಳ, ಹಲವಾಗಲಿನಂಥ ಹೊಳೆದಂಡೆಯ ಊರುಗಳಲ್ಲಿ ನೀರು ಇಳಿದಾಗ ತೆರೆದುಕೊಳ್ಳುವ ಉಸುಕಿನ ದಂಡೆ ಇವೂ ಋತುಮಾನದ ಆಟದ ಬಯಲುಗಳೇ. ಮಳೆಗಾಲದಲ್ಲಿ ತುಂಗಭದ್ರೆ ಉಕ್ಕಿ ಹೊಲ ದಾರಿಗಳನ್ನು ಮುಳುಗಿಸಿದಾಗ ದಂಡೆಯೇ ಇಲ್ಲವಾಗುತ್ತದೆ. ಪ್ರವಾಹ ಇಳಿದ ಮೇಲೆ ಮತ್ತೆ ದೊರೆಯುತ್ತದೆ. ಈಜು ಇಲ್ಲಿ ಕಲಿಸುವ ವಿದ್ಯೆಯಲ್ಲ, ದಂಡೆಯ ಊರಿನಲ್ಲಿ ಹುಟ್ಟಿದವರಿಗೆ ತಾನಾಗಿ ಬರುವ ವಿದ್ಯೆ ಎಂಬ ಭಾವನೆಯೂ ಇದರಿಂದಲೇ ಬೆಳೆದುದು.

ಲೋಕದ ಬೇರೆಡೆಗಳ ಆಟಗಳ ಅಧ್ಯಯನವೂ ಈ ದಿಕ್ಕಿನಲ್ಲಿ ನೆರವಾಗುತ್ತದೆ. ಇಂಗ್ಲೆಂಡಿನ ಜಾನಪದ ವಿದ್ವಾಂಸರಾದ ಅಯೋನಾ ಮತ್ತು ಪೀಟರ್ ಓಪಿ ದಂಪತಿ ೧೯೬೯ರಲ್ಲಿ ಪ್ರಕಟಿಸಿದ ಬೀದಿಯಾಟಗಳ ಅಧ್ಯಯನದಲ್ಲಿ, ಶಾಲೆಯ ಅಂಗಳದಲ್ಲಿ ಕೂಡಿಹಾಕಿದಾಗ ಮಕ್ಕಳ ಆಟ ಹೆಚ್ಚು ಒರಟಾಗಿಯೂ, ಬೀದಿ ಬಯಲುಗಳಲ್ಲಿ ಹೆಚ್ಚು ಸಹಜವಾಗಿಯೂ ಇರುತ್ತದೆಂದು ಗುರುತಿಸಿದರು. ಅಮೆರಿಕದ ಜೇನ್ ಜೇಕಬ್ಸ್ ೧೯೬೧ರ ತಮ್ಮ ಕೃತಿಯಲ್ಲಿ, ಹಿರಿಯರ ಕಣ್ಣಿರುವ ಜೀವಂತ ಬೀದಿಯೇ ಬಿಕೋ ಎನ್ನುವ ಉದ್ಯಾನಕ್ಕಿಂತ ಮಕ್ಕಳಿಗೆ ಸುರಕ್ಷಿತವೆಂದು ವಾದಿಸಿದರು. ನಮ್ಮ ಓಣಿಗಳಲ್ಲಿ ಆ ಕಣ್ಣಿನ ಕೆಲಸವನ್ನು ಮಾಡಿದ್ದು ಮನೆಯ ಮುಂದಿನ ಕಟ್ಟೆ. ಮಾಳಿಗೆಮನೆಗಳ ಓಣಿಯಲ್ಲಿ ಕಟ್ಟೆಯ ಮೇಲೆ ಕಾಳು ಹಸನು ಮಾಡುವ ಅಜ್ಜಿಯ ಎದುರಿಗೇ ಹುಡುಗಿಯರ ಕುಂಟೆಬಿಲ್ಲೆ ನಡೆಯುತ್ತಿತ್ತು. ಕಟ್ಟೆ, ಪೌಳಿಗಳು ದೇಹ ದಣಿಯದ ಆಟಗಳಿಗೂ ನೆಲೆಯಾಗಿದ್ದವು. ಹಂಪಿಯ ಮಂಟಪಗಳ ಹಾಸುಗಲ್ಲಿನಲ್ಲಿ ಕೊರೆದಿರುವ ಆಟದ ಮನೆಗಳು ಈ ರೂಢಿಯ ಹಳಮೆಯನ್ನು ತೋರಿಸುತ್ತವೆ.

೪. ತಾಲೀಮು: ಗರಡಿ ಮತ್ತು ಬಯಲಾಟ

ಕನ್ನಡದಲ್ಲಿ ‘ಆಟ’ ಎಂಬ ಒಂದೇ ಮಾತು ಕ್ರೀಡೆಗೂ ನಾಟಕಕ್ಕೂ ಸಲ್ಲುತ್ತದೆ. ಹಾಗೆಯೇ ‘ತಾಲೀಮು’ ಎಂಬುದು ಕುಸ್ತಿಯ ಸಾಧನೆಗೂ ದೊಡ್ಡಾಟದ ಅಭ್ಯಾಸಕ್ಕೂ ಸಲ್ಲುತ್ತದೆ. ಇದು ಕೇವಲ ಮಾತಿನ ಸಾಮ್ಯವಲ್ಲ. ಗರಡಿಯ ಕೆಮ್ಮಣ್ಣಿನ ಅಖಾಡ, ಎತ್ತುವ ಕಲ್ಲುಗುಂಡು, ತಿರುಗಿಸುವ ಗದೆ ಇವು ಒಂದು ಬಗೆಯ ದೇಹಸಾಧನೆಯಾದರೆ, ಭಾರವಾದ ಭುಜಕೀರ್ತಿ ಕಿರೀಟಗಳನ್ನು ತೊಟ್ಟು ರಾತ್ರಿಯಿಡೀ ಕುಣಿಯಬೇಕಾದ ದೊಡ್ಡಾಟದ ಪಾತ್ರಧಾರಿಯದು ಇನ್ನೊಂದು ಬಗೆಯ ದೇಹಸಾಧನೆ. ಬಳ್ಳಾರಿ ಸೀಮೆಯಲ್ಲಿ ಒಕ್ಕಲಿನ ಬಿಡುವಿನ ತಿಂಗಳುಗಳಲ್ಲಿ ರೈತರು, ಕೂಲಿಗಳು, ಕಸುಬುದಾರರು ಕೂಡಿ ನಡೆಸಿಕೊಂಡು ಬಂದ ಈ ತಾಲೀಮು, ಇಂದಿನ ಪರಿಭಾಷೆಯಲ್ಲಿ ಹೇಳುವುದಾದರೆ, ತಿಂಗಳುಗಟ್ಟಲೆ ನಡೆಯುವ ‘ವಿರಾಮಕಾಲದ ದೈಹಿಕ ಚಟುವಟಿಕೆ’ಯೇ ಆಗಿದೆ. ಆದರೆ ಯಾವ ಸಮೀಕ್ಷೆಯ ಪ್ರಶ್ನಾವಳಿಯಲ್ಲಿಯೂ ಇದಕ್ಕೊಂದು ಕಲಮು ಇರುವುದಿಲ್ಲ. ಬಯಲಾಟ ಎಂಬ ಹೆಸರೇ ಕಲೆಗಿಂತ ಮೊದಲು ಜಾಗವನ್ನು ಹೇಳುತ್ತದೆ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಬಯಲು ಹೋದರೆ ಹೆಸರು ಮಾತ್ರ ಉಳಿಯುತ್ತದೆ.

ನಡಿಗೆಯ ವಿಷಯದಲ್ಲಿಯೂ ಇದೇ ಬಗೆಯ ಗಮನ ಅಗತ್ಯ. ಕೊಟ್ಟೂರಿನ ಜಾತ್ರೆಗೆ ದಾವಣಗೆರೆ ಮೊದಲಾದ ಕಡೆಗಳಿಂದ ಭಕ್ತರು ಪಾದಯಾತ್ರೆಯಲ್ಲಿ ಬರುತ್ತಾರೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಡೆಂಕನಮರಡಿಯ ವಿಶಾಲ ಬಯಲೇ ಕಾರಣಿಕದ ರಂಗಸ್ಥಳ. ಬಿಲ್ಲನ್ನೇರುವ ಗೊರವಯ್ಯನ ದೇಹಸಾಮರ್ಥ್ಯವೂ, ಸರಪಳಿ ಪವಾಡಗಳೂ, ದೂರದಿಂದ ನಡೆದು ಬಂದವರ ದಣಿವೂ ಸೇರಿ ಅದು ಪೂರ್ಣವಾಗುತ್ತದೆ. ಇವು ಭಕ್ತಿಯ ಕಾರ್ಯಗಳು, ಆರೋಗ್ಯದ ಕಾರ್ಯಗಳಲ್ಲ ಎಂಬುದು ನಿಜ. ಆದರೆ ಕಾರಣ ಯಾವುದಾದರೂ ಆಗಲಿ, ಮೈ ದುಡಿಯುತ್ತದೆ. ಆ ಕಾರಣವು ಊರಿಗೆ ಊರನ್ನೇ ಹೊರಡಿಸಬಲ್ಲದು.

೫. ಹೆಣ್ಣುಮಕ್ಕಳ ಬಿಡುವು

ಮೇಲೆ ಉಲ್ಲೇಖಿಸಿದ ಅಂಕಿಗಳಲ್ಲಿ ಮಹಿಳೆಯರ ಪಾಲು ಹಿಂದೆ ಬಿದ್ದಿರುವುದಕ್ಕೆ ಊರುಕಟ್ಟಣೆಯ ಕಡೆಯಿಂದಲೂ ವಿವರಣೆಯನ್ನು ಹುಡುಕಬಹುದಾಗಿದೆ. ಗರಡಿ, ಅಖಾಡ, ಚಾವಡಿಗಳು ಗಂಡಸರ ಜಾಗಗಳು. ಹೆಣ್ಣುಮಕ್ಕಳು ಹೊರಗೆ ಬರಲು ಒಂದು ನೆವ ಬೇಕಿತ್ತು. ಆ ನೆವವನ್ನು ಒದಗಿಸಿದ್ದು ಪಂಚಾಂಗ. ಪಂಚಮಿಯ ಜೋಕಾಲಿ, ಆಷಾಢದ ಗುಳ್ಳವ್ವ, ಗೌರಿ ಹುಣ್ಣಿಮೆಯ ಸಕ್ಕರೆ ಆರತಿ ಮತ್ತು ಕೋಲಾಟ, ಹೊಲಕ್ಕೆ ಚರಗ ಚೆಲ್ಲಲು ಹೋಗುವ ಹಬ್ಬ ಇವೆಲ್ಲ ಹೆಣ್ಣುಮಕ್ಕಳಿಗೆ ಬೀದಿಯನ್ನು, ಮರವನ್ನು, ಹೊಲದ ದಾರಿಯನ್ನು ಕೆಲವು ದಿನಗಳ ಮಟ್ಟಿಗೆ ಬಿಟ್ಟುಕೊಡುವ ಏರ್ಪಾಡುಗಳು. ಜೋಕಾಲಿ ಕಟ್ಟಲು ಎತ್ತರದ ಕೊಂಬೆಯ ಮರ ಬೇಕು. ಓಣಿಯ ಮರ ಕಡಿದಾಗ ನಷ್ಟವಾಗುವುದು ನೆರಳು ಮಾತ್ರವಲ್ಲ. ಹರಪನಹಳ್ಳಿ, ಹಡಗಲಿ ಭಾಗದ ಲಂಬಾಣಿ ತಾಂಡಾಗಳಲ್ಲಿ ದೀಪಾವಳಿಯ ಸಮಯದಲ್ಲಿ ಹೆಣ್ಣುಮಕ್ಕಳು ಹೊಲಗಳಿಗೆ ಹೋಗಿ ಹೂ ತಂದು ಮನೆಮನೆಯ ಮುಂದೆ ಹಾಡಿ ಕುಣಿಯುವ ರೂಢಿಗೂ ತಾಂಡಾದ ತೆರೆದ ಅಂಗಳವೇ ಆಧಾರ.

ನೀರು ತರುವ ಕೆಲಸದ ವಿಚಾರದಲ್ಲಿ ಎಚ್ಚರದಿಂದ ಮಾತನಾಡಬೇಕಾಗುತ್ತದೆ. ಹೊಳೆ ಬಾವಿಗಳಿಂದ ಕೊಡ ಹೊತ್ತು ತರುವುದು ದುಡಿಮೆ, ಬಿಡುವಲ್ಲ. ನಲ್ಲಿ ಬಂದುದು ನಿಜವಾದ ಬಿಡುಗಡೆ. ಆದರೆ ಬಟ್ಟೆ ಒಗೆಯುವ ನೆವದಲ್ಲಿ ಹೊಳೆಗೆ ಹೋಗಿ ಈಜಿ, ಆಡಿ, ಹಾಡಿ ಬರುತ್ತಿದ್ದ ಹುಡುಗಿಯರಿಗೆ ಆ ನೆವ ತಪ್ಪಿದ ಮೇಲೆ ಅದರ ಬದಲಿಗೆ ಇನ್ನೊಂದು ಜಾಗವನ್ನು ಯಾರೂ ಕೊಡಲಿಲ್ಲ. ದುಡಿಮೆಯನ್ನು ಕಳೆದ ಅಭಿವೃದ್ಧಿ ಅದರೊಡನೆ ಅಂಟಿಕೊಂಡಿದ್ದ ಆಟವನ್ನೂ ಕಳೆಯಿತು. ಇದರಿಂದ ನಲ್ಲಿ ಬೇಡವಾಗಿತ್ತು ಎಂದಾಗುವುದಿಲ್ಲ. ಆಟಕ್ಕೆ ಬೇರೆ ಜಾಗ ಬೇಕಾಗಿತ್ತು ಎಂದಾಗುತ್ತದೆ.

೬. ಬಯಲಿನೊಳಗಿನ ಬೇಲಿ

ಹಳೆಯ ಊರುಕಟ್ಟಣೆಯನ್ನು ಆದರ್ಶವೆಂದು ಸಾರುವುದು ಈ ಲೇಖನದ ಉದ್ದೇಶವಲ್ಲ. ತೇರುಬೀದಿಯೂ ಗುಡಿಯ ಪೌಳಿಯೂ ಎಲ್ಲ ಮಕ್ಕಳಿಗೂ ಸಮಾನವಾಗಿ ತೆರೆದಿರಲಿಲ್ಲ. ಕಟ್ಟೆಯ ಮೇಲೆ ಯಾರು ಕೂರಬೇಕು, ಯಾವ ಬಾವಿಯಲ್ಲಿ ಯಾರು ಈಜಬೇಕು, ಯಾವ ಓಣಿಯನ್ನು ಯಾರು ಹಾಯಬೇಕು ಎಂಬುದನ್ನು ಜಾತಿ ನಿರ್ಧರಿಸುತ್ತಿತ್ತು. ಕೇರಿಯ ಮಕ್ಕಳ ಆಟ ಬಹುಮಟ್ಟಿಗೆ ಕೇರಿಯೊಳಗೇ ನಡೆಯಿತು. ಕಣ್ಣಿಗೆ ಬೇಲಿಯಿಲ್ಲದ ಬಯಲಿನಲ್ಲಿ ಕಾಣದ ಬೇಲಿಗಳಿದ್ದವು. ಈ ದೃಷ್ಟಿಯಿಂದ ನೋಡಿದಾಗ ಸರ್ಕಾರಿ ಶಾಲೆಯ ಮೈದಾನದ ಮಹತ್ವ ತಿಳಿಯುತ್ತದೆ. ಎಲ್ಲ ಕೇರಿಗಳ ಮಕ್ಕಳು ಒಂದೇ ಗೆರೆಯೊಳಗೆ ಕಬಡ್ಡಿ, ಖೋಖೋ ಆಡಿದ, ಹುಡುಗಿಯರೂ ಸಾರ್ವಜನಿಕವಾಗಿ ಓಡಿದ ಮೊದಲ ಬಯಲು ಬಹಳಷ್ಟು ಊರುಗಳಲ್ಲಿ ಅದೇ ಆಗಿದೆ. ಮೈ ಮುಟ್ಟಿ ಆಡುವ ಕಬಡ್ಡಿಗೆ ಈ ಸಂದರ್ಭದಲ್ಲಿ ವಿಶೇಷ ಅರ್ಥವಿದೆ.

ವರ್ಗದ ಪ್ರಶ್ನೆಯೂ ಇಲ್ಲಿದೆ. ಹರಪನಹಳ್ಳಿ, ಕೂಡ್ಲಿಗಿ ಭಾಗಗಳಿಂದ ಮಳೆ ಕೈಕೊಟ್ಟ ವರ್ಷಗಳಲ್ಲಿ ಬಡ ಕುಟುಂಬಗಳು ಬೆಂಗಳೂರಿನ ಕಟ್ಟಡ ಕೆಲಸಗಳಿಗೂ ಮಲೆನಾಡಿನ ಕಾಫಿ ತೋಟಗಳಿಗೂ ಗುಳೆ ಹೋಗುತ್ತವೆ. ದಿನವಿಡೀ ಮೈಮುರಿದು ದುಡಿಯುವವರಿಗೆ ಬಿಡುವಿನ ವ್ಯಾಯಾಮವನ್ನು ಉಪದೇಶಿಸುವುದು ಅಸಂಗತ. ಅವರಿಗೆ ಬೇಕಾದುದು ದಣಿವಾರಿಸಿಕೊಳ್ಳುವ ನೆರಳು. ಅವರ ಮಕ್ಕಳಿಗೆ ಬೇಕಾದುದು ಆಡುವ ಜಾಗ. ನಗರದಲ್ಲಿ ಕಟ್ಟಡ ನಡೆಯುವ ನಿವೇಶನದ ಉಸುಕಿನ ರಾಶಿಯೇ ಆ ಮಕ್ಕಳ ಆಟದ ಬಯಲಾಗಿರುವುದನ್ನು ಯಾರೂ ನೋಡಬಹುದು.

೭. ಮೊದಲ ಕೆಲಸ ನಿಂತಾಗ

ಕಳೆದ ಕೆಲವು ದಶಕಗಳಲ್ಲಿ ಆದ ಪಲ್ಲಟವನ್ನು ಈ ಹಿನ್ನೆಲೆಯಲ್ಲಿ ಅರ್ಥಮಾಡಿಕೊಳ್ಳಬೇಕು. ಒಕ್ಕುವ ಯಂತ್ರ ಬಂದ ಮೇಲೆ ಕಣ ಬೇಡವಾಯಿತು. ಕೆಲವು ಬೆಳೆಗಳನ್ನು ಡಾಂಬರು ರಸ್ತೆಯ ಮೇಲೆ ಹರಡಿ ವಾಹನಗಳ ಗಾಲಿಗಳಿಂದಲೇ ಒಕ್ಕಿಸುವ ರೂಢಿಯೂ ಬಂದಿತು. ಬೇಡವಾದ ಕಣವು ನಿವೇಶನವಾಯಿತು. ಕೆರೆಯಂಗಳ ಜಾಲಿಯಿಂದ ತುಂಬಿತು. ಉಸುಕು ಮಾರಾಟದ ಸರಕಾದ ಮೇಲೆ ಹೊಳೆಯ ಪಾತ್ರದಲ್ಲಿ ಬಿದ್ದ ಗುಂಡಿಗಳು ಈಜುವವರಿಗೆ ಅಪಾಯವಾದವು. ಓಣಿಗಳಿಗೆ ಕಾಂಕ್ರೀಟು ಬಂದುದು ಕೆಸರು ಧೂಳುಗಳಿಂದ ಮುಕ್ತಿ ನೀಡಿತು. ಅದರೊಡನೆ ಮೋಟರ್ ಸೈಕಲ್ಲಿನ ವೇಗವನ್ನೂ ತಂದಿತು. ನೆಲಕ್ಕೆ ಗುಳಿ ತೋಡಿ ಆಡುವ ಚಿಣ್ಣಿಕೋಲು, ಗೋಲಿಗಳಿಗೆ ಕಾಂಕ್ರೀಟಿನಲ್ಲಿ ಎಡೆಯಿಲ್ಲ. ಗೆರೆ ಎಳೆದು ಆಡುವ ಕುಂಟೆಬಿಲ್ಲೆಗೆ ಎಡೆಯಿದ್ದರೂ ನಿಶ್ಚಿಂತೆಯಿಲ್ಲ.

ಇವೆಲ್ಲಕ್ಕಿಂತ ಗಮನಾರ್ಹವಾದುದು ಊರ ಮುಂದಿನ ಬಯಲಿನ ಗತಿ. ಅಂಗನವಾಡಿ, ನೀರಿನ ಟ್ಯಾಂಕು, ಸಮುದಾಯ ಭವನ, ಬಸ್ ತಂಗುದಾಣ, ಕಚೇರಿ ಯಾವುದೇ ಯೋಜನೆ ಬರಲಿ, ಜಾಗ ಕೊಂಡುಕೊಳ್ಳುವ ಹಣ ಅದರಲ್ಲಿರುವುದು ಅಪರೂಪ. ಖರ್ಚಿಲ್ಲದೆ ದೊರೆಯುವ ಜಾಗವೆಂದರೆ ಊರ ಬಯಲು. ಒಂದೊಂದೂ ಊರಿಗೆ ಬೇಕಾದ ಕಟ್ಟಡವೇ. ಎಲ್ಲವೂ ಸೇರಿದಾಗ ಬಯಲು ಉಳಿಯುವುದಿಲ್ಲ. ‘ಖಾಲಿ ಜಾಗ’ ಎಂಬ ಆಡಳಿತದ ಪರಿಭಾಷೆಯೇ ಇಲ್ಲಿ ತಪ್ಪು ತಿಳಿವಳಿಕೆಗೆ ಕಾರಣವಾಗಿದೆ. ಕಾರಹುಣ್ಣಿಮೆಯ ಓಟವನ್ನೂ, ಬಯಲಾಟವನ್ನೂ, ಸಂತೆಯನ್ನೂ, ಮಕ್ಕಳ ಆಟವನ್ನೂ ಹೊತ್ತಿರುವ ಜಾಗ ಖಾಲಿಯಲ್ಲ. ಆ ಬಳಕೆಗಳು ಯಾವ ದಾಖಲೆಯಲ್ಲಿಯೂ ಇಲ್ಲ, ಅಷ್ಟೆ.

ತುಂಗಭದ್ರಾ ಜಲಾಶಯದ ನಿದರ್ಶನ ಇದನ್ನು ಇನ್ನೊಂದು ಬಗೆಯಲ್ಲಿ ತೋರಿಸುತ್ತದೆ. ೧೯೫೩ರ ಹೊತ್ತಿಗೆ ನೀರು ನಿಲ್ಲತೊಡಗಿದಾಗ ಹತ್ತಾರು ಊರುಗಳು ಮುಳುಗಿದವು. ನಾರಾಯಣದೇವರಕೆರೆಯ ಜನ ಮರಿಯಮ್ಮನಹಳ್ಳಿಯಲ್ಲಿ ನೆಲೆಯಾದರು. ಮುಳುಗಿದ ಊರಿಗೆ ಬದಲಾಗಿ ಮನೆಯನ್ನೂ ರಸ್ತೆಯನ್ನೂ ಗುಡಿಯನ್ನೂ ಮರಳಿ ಕಟ್ಟಿಕೊಳ್ಳಬಹುದು. ಹೊಳೆದಂಡೆಯನ್ನೂ ಕೆರೆಯಂಗಳವನ್ನೂ ಕಟ್ಟಿಕೊಳ್ಳಲಾಗದು. ಆದರೂ ಮರಿಯಮ್ಮನಹಳ್ಳಿ ನಾಟಕ ಮತ್ತು ಜೋಗತಿ ನೃತ್ಯಗಳಿಗೆ ಹೆಸರಾದ ಊರಾಗಿ ಬೆಳೆಯಿತು. ಜನರು ತಮ್ಮ ಆಟವನ್ನು ಹೊತ್ತು ತರಬಲ್ಲರು ಎಂಬುದಕ್ಕೆ ಇದು ಸಾಕ್ಷಿ. ಹೊಸ ಊರಿನಲ್ಲಿ ಅವರಿಗೆ ಬೇಕಾದುದು ಆ ಆಟಕ್ಕೊಂದು ಜಾಗ.

೮. ಬೆಂಗಳೂರಿನಿಂದ ಎರಡು ಪಾಠಗಳು

ದೊಡ್ಡ ನಗರದಲ್ಲಿ ಈ ಪ್ರಕ್ರಿಯೆ ಮೊದಲೇ ಮುಗಿದಿರುವುದರಿಂದ ಅಲ್ಲಿಯ ಅನುಭವವನ್ನು ನೋಡುವುದು ಉಪಯುಕ್ತ. ಬೆಂಗಳೂರಿನ ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ತಲೆಯೆತ್ತಿತು. ಕೆರೆಯೇ ಕ್ರೀಡೆಗೆ ಮೀಸಲಾಯಿತು ಎಂದು ಸಂತೋಷಪಡಬಹುದಾದರೂ, ಎಲ್ಲರ ಅಂಗಳ ದ್ವಾರಪಾಲಕರಿರುವ ಕ್ರೀಡಾಂಗಣವಾಯಿತು ಎಂಬುದೂ ನಿಜ. ಆ ಕೆರೆಯ ಒಂದು ಸಣ್ಣ ತುಣುಕು ಇಂದಿಗೂ ಕಲ್ಯಾಣಿಯಂತೆ ಉಳಿದಿದೆ. ಅದು ಉಳಿದದ್ದು ಬೆಂಗಳೂರು ಕರಗದ ಆಚರಣೆಗೆ ಬೇಕೆಂಬ ಕಾರಣದಿಂದ. ಊರಿನ ವಾರ್ಷಿಕ ಕರ್ತವ್ಯವೊಂದು ಜಾಗವನ್ನು ಹೇಗೆ ಕಾಯುತ್ತದೆ ಎಂಬ ನಮ್ಮ ಪ್ರತಿಪಾದನೆಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ.

ಎರಡನೆಯ ಪಾಠ ಕಾನೂನಿಗೆ ಸಂಬಂಧಿಸಿದುದು. ಉದ್ಯಾನ, ಆಟದ ಬಯಲು ಮತ್ತು ತೆರೆದ ಜಾಗಗಳ ಸಂರಕ್ಷಣೆಗಾಗಿ ಕರ್ನಾಟಕದಲ್ಲಿ ೧೯೮೫ರ ಅಧಿನಿಯಮವಿದೆ. ಬೆಂಗಳೂರಿನ ಬಡಾವಣೆಯೊಂದರಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟುದನ್ನು ಅಲ್ಲಿಯ ನಿವಾಸಿಗಳು ಪ್ರಶ್ನಿಸಿದಾಗ, ೧೯೯೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೆರೆದ ಜಾಗವು ಸಾರ್ವಜನಿಕರ ಹಕ್ಕೆಂದು ಎತ್ತಿಹಿಡಿಯಿತು. ಆದರೆ ನಕ್ಷೆಯಲ್ಲಿ ‘ಉದ್ಯಾನ’ವೆಂದು ಬರೆದಿದ್ದುದರಿಂದ ಆ ಜಾಗ ಉಳಿಯಿತು. ತೇರುಬಯಲಿಗೂ ಕಣಕ್ಕೂ ಕೆರೆಯಂಗಳಕ್ಕೂ ಅಂಥ ಬರಹವಿಲ್ಲ. ಅವುಗಳ ಹಕ್ಕುಪತ್ರವೆಂದರೆ ಜನರ ನೆನಪು ಮತ್ತು ರೂಢಿ. ಇವನ್ನು ಬರಹಕ್ಕೆ ಇಳಿಸುವುದು ಜಾನಪದ ವಿದ್ವಾಂಸರ ಕೆಲಸ.

೯. ಉಪಸಂಹಾರ

ಇಂದು ತಾಲ್ಲೂಕು ಕೇಂದ್ರಗಳಲ್ಲಿ ಬೆಳಗಿನ ನಡಿಗೆಗೆ ಜನರು ಹೋಗುವುದು ಕಾಲೇಜಿನ ಮೈದಾನಕ್ಕೆ, ಕೃಷಿ ಮಾರುಕಟ್ಟೆಯ ಪ್ರಾಂಗಣಕ್ಕೆ, ಊರ ಹೊರಗಿನ ರಸ್ತೆಗೆ. ಇವೂ ಎರಡು ಕೆಲಸದ ಜಾಗಗಳೇ ಎಂಬುದು ಆಕಸ್ಮಿಕವಲ್ಲ. ಹಳೆಯ ರೂಢಿ ಹೊಸ ಜಾಗಗಳನ್ನು ಹುಡುಕಿಕೊಂಡಿದೆ. ಹೊಸ ಬಡಾವಣೆಗಳಲ್ಲಿ ಬೇಲಿ ಹಾಕಿ, ಬೀಗ ಹಾಕಿ ಬಿಟ್ಟ ಉದ್ಯಾನದ ನಿವೇಶನಗಳಿಗಿಂತ ಇವು ಹೆಚ್ಚು ಬಳಕೆಯಾಗುತ್ತಿದ್ದರೆ, ಅದರಿಂದ ಯೋಜಕರು ಕಲಿಯಬೇಕಾದುದಿದೆ. ಆಟದ ಜಾಗವನ್ನು ಊರಿನ ಇತರ ಕಾರ್ಯಗಳಿಂದ ಬೇರ್ಪಡಿಸಿ ಮೂಲೆಗೆ ಹಾಕುವುದಕ್ಕಿಂತ, ಸಂತೆ, ಜಾತ್ರೆ, ಶಾಲೆ, ಮಾರುಕಟ್ಟೆಗಳ ಜಾಗವನ್ನು ಆಟಕ್ಕೂ ಒದಗುವಂತೆ ಕಾಯ್ದುಕೊಳ್ಳುವುದು ಈ ಸೀಮೆಯ ಊರುಗಳಿಗೆ ಹೊಂದುವ ಮಾರ್ಗ. ಶಾಲೆಯ ಮೈದಾನವನ್ನು ಸಂಜೆ ಓಣಿಯ ಮಕ್ಕಳಿಗೆ ತೆರೆಯುವುದು, ತೇರುಬೀದಿಯಲ್ಲಿ ದಿನದ ಕೆಲವು ಗಂಟೆ ವಾಹನಗಳನ್ನು ನಿಲ್ಲಿಸುವುದು, ಹೆಣ್ಣುಮಕ್ಕಳಿಗೆ ನಿಶ್ಚಿಂತೆಯ ವೇಳೆಯನ್ನೂ ದೀಪವನ್ನೂ ಒದಗಿಸುವುದು ಇವು ಹೆಚ್ಚಿನ ಹಣ ಬೇಡದ ಕೆಲಸಗಳು.

ಇದಕ್ಕೆ ಪೂರ್ವಭಾವಿಯಾಗಿ ಪ್ರತಿ ಊರಿನ ತೆರೆದ ಜಾಗಗಳ ಜಾನಪದ ನಕ್ಷೆಯೊಂದು ಸಿದ್ಧವಾಗಬೇಕಾಗಿದೆ. ಈ ಜಾಗದ ಮೊದಲ ಕೆಲಸ ಯಾವುದು, ಅದು ಇನ್ನೂ ನಡೆಯುತ್ತಿದೆಯೇ. ಉಳಿದ ದಿನಗಳಲ್ಲಿ ಇಲ್ಲಿ ಯಾರು ಯಾವಾಗ ಏನು ಆಡುತ್ತಾರೆ. ಯಾರಿಗೆ ಇಲ್ಲಿ ಪ್ರವೇಶವಿರಲಿಲ್ಲ, ಇಂದಿಗೂ ಯಾರು ಬರುವುದಿಲ್ಲ. ಇದನ್ನು ಕಾಯುವ ಹೊಣೆ ಯಾರದು ಎಂಬ ನಾಲ್ಕು ಪ್ರಶ್ನೆಗಳಿಗೆ ಆ ನಕ್ಷೆ ಉತ್ತರ ಕೊಡಬೇಕು. ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ಮತ್ತು ಅಕಾಡೆಮಿಗಳು ಗ್ರಾಮ ಪಂಚಾಯಿತಿ, ಪಟ್ಟಣ ಪಂಚಾಯಿತಿ, ಪುರಸಭೆಗಳೊಡನೆ ಕೂಡಿ ಈ ಕಾರ್ಯವನ್ನು ಕೈಗೆತ್ತಿಕೊಳ್ಳಬಹುದು. ಆಟಗಳನ್ನು ಪುಸ್ತಕದಲ್ಲಿ ದಾಖಲಿಸಿದಷ್ಟೇ ಮುಖ್ಯವಾಗಿ, ಅವು ನಡೆದ ನೆಲವನ್ನು ಊರಿನ ಕಡತದಲ್ಲಿ ದಾಖಲಿಸುವುದು ಇಂದಿನ ಅಗತ್ಯವಾಗಿದೆ. ಮುಂದಿನ ಕಟ್ಟಡಕ್ಕೆ ಜಾಗ ಹುಡುಕುವ ಅಧಿಕಾರಿಯ ಕೈಗೆ ಆ ಕಡತ ಸಿಗುವಂತಾಗಬೇಕು.